ಟಾವೆಲ್ ಮತ್ತು ಟೋಪಿ

ಅಣ್ಣನ ಮೊಣಕಾಲಿನ ಆಪರೇಷನ್ ಆಗಿತ್ತು. ಅವನು ಎದ್ದು ಓಡಾಡುವವರೆಗೆ ಅಂಗಡಿ ನೋಡಿಕೊಳ್ಳಲು ನಾನು ಪುಣೆಯಿಂದ ಸೊಲ್ಲಾಪುರಕ್ಕೆ ಬಂದೆ. ಚಾದರಿನ ಅಂಗಡಿ, ಅಪ್ಪ ಹಾಕಿದ್ದು. ಆರನೇ ಇಯತ್ತೆಗೆ ಶಾಲೆ ಬಿಟ್ಟು ನಾನು ಕೂತದ್ದು ಅದೇ ಗಾದಿಯ ಮೇಲೆ. ಪುಣೆಯಲ್ಲಿ ನನ್ನ ಕೈಯಾರೆ ಸ್ವಂತ ಅಂಗಡಿ ಮಾಡಿದೆ. ಆದರೂ ಯಾರಾದರೂ ಊರು ಕೇಳಿದರೆ ಸೊಲ್ಲಾಪುರ ಎನ್ನುತ್ತಿದ್ದೆ.

ಮೊದಲ ದಿನವೇ ವೈನಿ, ಅಂದರೆ ಅಣ್ಣನ ಹೆಂಡತಿ, ಹೊರಗಿನ ಖೋಲಿಯಲ್ಲಿ ನನ್ನ ಹಾಸಿಗೆ ಹಾಕಿಸಿದರು. ಊಟ ನನ್ನೊಬ್ಬನಿಗೇ ಮೊದಲು ಬಡಿಸಿದರು. ತಾಟು ತೊಳೆಯಲು ಎದ್ದರೆ ಕಸಿದುಕೊಂಡರು.

"ಇಡ್ರಿ ಭಾವೂಜಿ! ಪಾವಣ್ಯಾರ ಕೈಲೆ ತಾಟ ತೊಳಸಿದ್ರ ಮಂದಿ ಏನಂದಾರು?"

ಪಾವಣ್ಯಾ ಎಂದರೆ ನೆಂಟ. ನಾನು ಕೈ ಒರೆಸಿಕೊಂಡೆ.

ಅಂಗಡಿಯಲ್ಲಿ ಮಾತ್ರ ಕೈ ತಾನೇ ನಡೆಯಿತು. ಶಟರ್ ಎತ್ತಿ, ಹೊಸ್ತಿಲಿಗೆ ನೀರು ಹಾಕಿ, ಅಪ್ಪ ಕಲಿಸಿದಂತೆ ಅಂಚು ಹೊರಗೆ ಕಾಣುವ ಹಾಗೆ ಚಾದರು ಮಡಚಿಡುತ್ತಿದ್ದೆ. ಇಡೀ ಮಳೆಗಾಲ ಒಂದು ದಿನವೂ ಶಟರ್ ತಡವಾಗಿ ಏಳಲಿಲ್ಲ. ಖುಷಿಯೂ ಇರಲಿಲ್ಲ, ದಣಿವೂ ಇರಲಿಲ್ಲ.

ಅಣ್ಣ ಕೋಲು ಬಿಟ್ಟ ಮೇಲೆ ಒಂದು ಗುರುವಾರ ಎಲ್ಲರೂ ಅಕ್ಕಲಕೋಟೆಗೆ ದರ್ಶನಕ್ಕೆ ಹೋದೆವು. ಚಿಕ್ಕವನಿದ್ದಾಗ ನಾನು ಅಪ್ಪನ ಹೆಗಲ ಮೇಲೆ ಕೂತು ಹೋಗುತ್ತಿದ್ದ ಗುಡಿ.

"ಇಲ್ಲೆ ಚಪ್ಪಲ ಬಿಡ್ರಿ ಭಾವೂಜಿ. ಪ್ರಸಾದ ಆ ಕಡೆ ಕೊಡ್ತಾರ," ಎಂದು ವೈನಿ ದಾರಿ ತೋರಿಸುತ್ತ ನಡೆದರು.

ಗೊತ್ತದ ಎನ್ನಬೇಕಿತ್ತು. ಹೂಂ ಎಂದೆ.

ಹೊರಡುವ ದಿನ ಬೆಳಿಗ್ಗೆ ನಡುಮನೆಯಲ್ಲಿ ಮಣೆ ಹಾಕಿದ್ದರು. ಪಕ್ಕದ ತಾಟಿನಲ್ಲಿ ಕುಂಕುಮ, ತೆಂಗಿನಕಾಯಿ, ಟಾವೆಲ್, ಬಿಳಿ ಟೋಪಿ. ಬೀಗರು, ಅಳಿಯಂದಿರು ಹೊರಡುವಾಗ ನಮ್ಮಲ್ಲಿ ಮಾಡುವ ಮರ್ಯಾದೆ ಇದು. ಮನೆಯ ಮಗನಿಗೆ ಯಾರೂ ಮಾಡುವುದಿಲ್ಲ. ಅಪ್ಪ ನೆಂಟರಿಗೆ ಟೋಪಿ ತೊಡಿಸುವಾಗ ತಾಟು ಹಿಡಿದು ನಿಲ್ಲುತ್ತಿದ್ದವನು ನಾನೇ.

"ಅಣ್ಣಾ, ನಾ ಏನ್ ಬೀಗ ಆದ್ನೇನು?"

"ಸುಮ್ ಕುಂಡ್ರೋ. ಇಷ್ಟ ದಿನಾ ದುಡದಿ, ಬರೇ ತಲೀಲೆ ಕಳಸಲೇನು? ನೋಡ, ಮಂತ್ರಿ ಕಂಡಂಗ ಕಾಣ್ತಿ!"

ವೈನಿಯೂ ನಕ್ಕರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಮಣೆಯ ಮೇಲೆ ಕೂತು ತಲೆ ಬಗ್ಗಿಸಿದೆ.

ಓಣಿಯ ತುದಿಯಲ್ಲಿ ರಿಕ್ಷಾದವನು ಹೆಗಲ ಮೇಲಿನ ಹೊಸ ಟಾವೆಲ್ ನೋಡಿ ಕೇಳಿದ: "ಎಲ್ಲಿಗ್ರಿ, ಪಾವಣ್ಯಾರ?"

ನಾನು ಇದೇ ಓಣಿಯವನು ಎಂದು ಹೇಳಲು ಬಾಯಿ ತೆರೆದೆ. "ಸ್ಟ್ಯಾಂಡಿಗೆ," ಎಂದೆ. ಟೋಪಿ ತೆಗೆಯದೆ ಒಳಗೆ ಕೂತೆ.