ಭಾವ ಆರಿಸಿದ ಮದರ್‌ಬೋರ್ಡ್

ಮೊನ್ನೆ ಭಾನುವಾರ ಯಾದಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಗಳು ಒಂದು ರಟ್ಟಿನ ಡಬ್ಬಿ ಬಿಚ್ಚಿದಳು. ಒಳಗಿದ್ದ ಬೂದುಬಣ್ಣದ ಚೀಲ ಹರಿದಾಗ ಹೊಸ ವಾರ್ನಿಷ್ಷಿನಂಥ, ಕಾದ ತಂತಿಯಂಥ ವಾಸನೆ ಬಂತು. ಕೂಡಲೇ ಸುರಪುರದ ನಮ್ಮ ಭಾವ ನೆನಪಾದರು. ಮಲ್ಲಿಗೆಯ ವಾಸನೆಗೆ ಕೆಲವರಿಗೆ ಯಾರ‍್ಯಾರೋ ನೆನಪಾಗುತ್ತಾರಂತೆ. ನನ್ನ ಹಣೆಬರಹ ನೋಡಿ, ಮದರ್‌ಬೋರ್ಡಿನ ವಾಸನೆಗೆ ಅಕ್ಕನ ಗಂಡ ನೆನಪಾಗುತ್ತಾರೆ!

ಮಗಳು ತಾಯಿಯ ಜೊತೆ ಸೇರಿ ಮನೆಯಲ್ಲೇ ಕಸೂತಿ ಕುಪ್ಪಸಗಳ ವ್ಯಾಪಾರ ನಡೆಸುತ್ತಾಳೆ. ಆರ್ಡರು, ಬಿಲ್ಲು, ಚಿತ್ರ ಎಲ್ಲ ಕಂಪ್ಯೂಟರಿನಲ್ಲೇ. ಕೆಲಸ ಮುಗಿದ ಮೇಲೆ ಅದರಲ್ಲೇ ಆಟವನ್ನೂ ಆಡುತ್ತಾಳೆ. “ಎರಡೂ ಒಂದರಾಗೇ ಆಗಬೇಕಪ್ಪ, ನಡುವ ಕೈ ಕೊಡಬಾರದು” ಎಂದು ತಿಂಗಳಿಂದ ಹೊಸ ಬೋರ್ಡು ಹುಡುಕುತ್ತಿದ್ದಳು. ಈ ವಿಷಯದಲ್ಲಿ ಸಲಹೆ ಕೊಡುವ ಯೋಗ್ಯತೆ ನನಗಿಲ್ಲ. ನಾನು ಕಚೇರಿಯ ಗುಮಾಸ್ತ. ಕಂಪ್ಯೂಟರ್ ಎಂದರೆ ನನಗೆ ‘ಮಾನ್ಯರೇ’ ಎಂದು ಹೊಡೆಯುವ ಯಂತ್ರ. ಅಕ್ಷರ ಒತ್ತುವ ಮಣೆಯೇ ಮದರ್‌ಬೋರ್ಡ್ ಎಂದು ಬಹಳ ಕಾಲ ನಂಬಿದ್ದೆ. ಆ ಅಜ್ಞಾನವನ್ನು ಕಳೆದವರು ಭಾವ. ಅದನ್ನು ಕಳೆದ ಸಂದರ್ಭ ಮಾತ್ರ ಒಳ್ಳೆಯದಾಗಿರಲಿಲ್ಲ.

ಭಾವನಿಗೆ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಮದುವೆಗಳಿಗೆ ಹೋಗಿ ಫೋಟೋ, ವಿಡಿಯೋ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಕೂಡಿಸಿ ಸಿನಿಮಾದಂತೆ ಮಾಡಿಕೊಡುತ್ತಿದ್ದರು. ಭಾರೀ ಆಳು, ಗುಂಗುರು ಮೀಸೆ. ಅಂಥವರು ಮಧ್ಯಾಹ್ನ ಊಟವಾದ ಮೇಲೆ ಅದೇ ಕಂಪ್ಯೂಟರಿನಲ್ಲಿ ಕಾರಿನ ಆಟ ಆಡುತ್ತಿದ್ದರು. ಪರದೆಯ ಕಾರು ಎಡಕ್ಕೆ ತಿರುಗಿದರೆ ಇವರೂ ಕುರ್ಚಿ ಸಮೇತ ಎಡಕ್ಕೆ ವಾಲುವರು. ಯಾರಾದರೂ ಗಿರಾಕಿ ಬಂದು “ಯಜಮಾನ್ರು ಅದಾರೇನ್ರಿ?” ಎಂದರೆ ಅಕ್ಕ ಒಳಗಿನಿಂದಲೇ, “ಅದಾರ್ರಿ, ಆದ್ರ ಗಾಡಿ ಹೊಡಿಯಾಕತ್ಯಾರ, ಅಪಘಾತ ಆಗೋತನ ಕುಂದರ್ರಿ” ಎನ್ನುತ್ತಿದ್ದಳು.

ಆ ಹಳೆಯ ಕಂಪ್ಯೂಟರ್ ಒಂದು ಬೇಸಿಗೆಯಲ್ಲಿ ತಾನಾಗಿ ಆರಿ, ತಾನಾಗಿ ಹೊತ್ತಿಕೊಳ್ಳಲು ಶುರುಮಾಡಿತು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಿರಬಹುದು. ಪಂಖ ಹಾಕಿದರೆ ಒಲೆಯ ಮುಂದೆ ಕೂತು ಊದಿಸಿಕೊಂಡಂತೆ. ಮನುಷ್ಯರೇ ತಡೆಯದ ಕಡೆ ಯಂತ್ರ ಹೇಗೆ ತಡೆದೀತು ಎಂದು ಭಾವ ಅದಕ್ಕೆ ಒದ್ದೆ ಬಟ್ಟೆಯ ಆರೈಕೆ ಮಾಡುತ್ತ ನಡೆಸಿದರು. ಲಗ್ನಗಳ ಸುಗ್ಗಿ ಬೇರೆ. ರಾಮಸಮುದ್ರದ ಒಂದು ಮದುವೆಯ ವಿಡಿಯೋವನ್ನು ಅದರೊಳಗೆ ಇಳಿಸಿ, ಮರುದಿನದ ಮದುವೆಗೆ ಬೇಕೆಂದು ಕ್ಯಾಮೆರಾದ ಕಾರ್ಡು ಅಳಿಸಿ ಖಾಲಿ ಮಾಡಿದರು. ಅದೇ ವಾರ ಕಂಪ್ಯೂಟರ್ ‘ಟಪ್’ ಎಂದು ಆರಿತು. ಮತ್ತೆ ಹೊತ್ತಲಿಲ್ಲ. ಬಿಚ್ಚಿ ನೋಡಿದರೆ ಮದರ್‌ಬೋರ್ಡಿನ ಮೇಲಿನ ಸಣ್ಣ ಸಣ್ಣ ಡಬ್ಬಿಗಳು ನೆನೆಹಾಕಿದ ಕಡಲೆಯಂತೆ ಉಬ್ಬಿ ಒಡೆದಿದ್ದವು. ಹೋಗುವಾಗ ಅದು ವಿಡಿಯೋ ಇದ್ದ ಡಿಸ್ಕನ್ನೂ ಸುಟ್ಟುಕೊಂಡೇ ಹೋಗಿತ್ತು. ಹೈದರಾಬಾದಿಗೆ ಕಳಿಸಿದರೂ ಬರಿಗೈಯಲ್ಲಿ ವಾಪಸು ಬಂತು. ಬೇರೆ ಕಾರ್ಡಿನಲ್ಲಿದ್ದ ಫೋಟೋಗಳಷ್ಟೇ ಉಳಿದವು.

ಸುದ್ದಿ ಹೇಳಲು ರಾಮಸಮುದ್ರಕ್ಕೆ ಹೋಗುವಾಗ ಭಾವ ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಹೋದರು. ವಧುವಿನ ತಂದೆ ಹಣಮಂತಪ್ಪ, ಸಣ್ಣ ಒಕ್ಕಲುತನದ ಮನುಷ್ಯ. ಬೈಯುತ್ತಾರೆ ಎಂದುಕೊಂಡಿದ್ದೆವು. ಅವರು ಪೂರಾ ಕೇಳಿಸಿಕೊಂಡು ನಕ್ಕರು.

“ಫೋಟೋ ಉಳಿದಾವಲ್ರಿ, ಸಾಕ್ ಬಿಡ್ರಿ. ನಾವೇನ್ ಸಿನಿಮಾದವ್ರಾ? ನನ್ನ ಮಾರಿ ನೋಡಬೇಕಂದ್ರ ಮಗಳು ಬಸ್ ಹತ್ತಿ ಬರ್ತಾಳ. ನಾ ಎಲ್ಲಿ ಹೊಂಟೀನಿ?”

ಚಹಾ ಕುಡಿಸಿ, ಚೀಲದಲ್ಲಿ ಹಸಿ ಶೇಂಗಾ ತುಂಬಿ ಕಳಿಸಿದರು. ಬಸ್ಸಿನಲ್ಲಿ ಭಾವ ಒಂದು ಶೇಂಗಾವನ್ನೂ ಬಾಯಿಗೆ ಹಾಕಲಿಲ್ಲ.

ಆ ಮೇಲೆ ಭಾವನಿಗೆ ಒಂದೇ ಜಪ: ಗಟ್ಟಿ ಬೋರ್ಡು. ಯಾವುದು ಬಿಸಿಗೆ ನಿಲ್ಲುತ್ತದೆ, ಯಾವುದು ನಮ್ಮೂರ ಕರೆಂಟಿನ ಏರಿಳಿತ ಸಹಿಸುತ್ತದೆ ಎಂದು ಹಿಂದಿ, ತೆಲುಗು, ಬಾರದ ತಮಿಳು ವಿಡಿಯೋಗಳನ್ನೆಲ್ಲ ನೋಡಿದರು. ಕೊನೆಗೆ ಅಕ್ಕ, ನಾನು, ಅವರು ಶಹಾಪುರದ ಖಾದರ್ ಭಾಯಿಯ ಅಂಗಡಿಗೆ ಹೋದೆವು. ಭಾಯಿ ಮೊದಲಿಗೇ ಬಣ್ಣಬಣ್ಣದ ದೀಪ ಹೊತ್ತುವ ಬೋರ್ಡು ತೆಗೆದಿಟ್ಟರು.

“ಸಾಬ್, ಹೊಸಾ ಮಾಲ್, ಈಗಷ್ಟೇ ಬಂದದ. ಗೇಮ್ ಆಡೋರೆಲ್ಲ ಇದಕ್ಕ ಫಿದಾ ಆಗ್ಯಾರ.”

ನನಗಂತೂ ಬಹಳ ಹಿಡಿಸಿತು. ದೀಪಗಳು ಚೆನ್ನಾಗಿವೆ ಎಂದೆ. ಭಾವ ನನ್ನ ಕಡೆ ನೋಡಲೂ ಇಲ್ಲ.

“ದೀಪ ಲಗ್ನದ ಮನ್ಯಾಗಿರ್ಲಿ ಭಾಯಿ. ಈಗಷ್ಟೇ ಬಂದದ್ದೂ ಬ್ಯಾಡ. ಹೊಸಾ ಸೊಸಿ ಇದ್ದಂಗ, ಸ್ವಭಾವ ಇನ್ನಾ ಗೊತ್ತಾಗಿರಂಗಿಲ್ಲ. ಒಂದ್ ವರ್ಷರ ನಾಲ್ಕು ಮಂದಿ ಮನ್ಯಾಗ ಬಾಳೇವು ಮಾಡಿದ ಮಾಡೆಲ್ ತೋರಸ್ರಿ.”

“ಹಳೇ ಸೊಸಿ ಸ್ವಭಾವರ ಗೊತ್ತಾಗೇದೇನು ನಿಮಗ?” ಎಂದಳು ಅಕ್ಕ. ಖಾದರ್ ಭಾಯಿ ನಗುತ್ತ ಒಳಗೆ ಹೋಗಿ, ಕಪ್ಪಗೆ, ಯಾವ ಅಲಂಕಾರವೂ ಇಲ್ಲದ ಇನ್ನೊಂದನ್ನು ತಂದರು. ಭಾವ ಅದನ್ನು ಕನ್ಯೆ ನೋಡಲು ಬಂದವರಂತೆ ತಿರುಗಿಸಿ ತಿರುಗಿಸಿ ನೋಡಿದರು. ಕರೆಂಟು ಹಂಚುವ ಜಾಗದ ಮೇಲೆ ಬಿಸಿ ಎಳೆಯುವ ಲೋಹದ ದಪ್ಪ ಗಟ್ಟಿಗಳಿವೆಯೇ, ಮುಂದೆ ಮೆಮೊರಿ ಹೆಚ್ಚಿಸಲು ಜಾಗವಿದೆಯೇ, ಎರಡು ಡಿಸ್ಕು ಕೂರುತ್ತವೆಯೇ, ಕೆಟ್ಟರೆ ರಿಪೇರಿ ಕಲಬುರಗಿಯಲ್ಲೇ ಆಗುತ್ತದೆಯೇ, ಎಲ್ಲ ಕೇಳಿದರು. ಆಟದ ಬಗ್ಗೆ ಕೇಳಲೇ ಇಲ್ಲ. ಅಕ್ಕನೇ ತಡೆಯಲಾರದೆ, “ಭಾಯಿ, ಇದ್ರಾಗ ಇವರ ಕಾರು ಓಡ್ತದಿಲ್ಲ?” ಎಂದಳು. “ಹಾರ್ತದ ಬೆಹೆನ್” ಎಂದರು ಭಾಯಿ.

ನಿಜವಾಗಿಯೂ ಹಾರಿತು. ಆ ಬೋರ್ಡು ಕೂತ ಮೇಲೆ ಯಂತ್ರ ಒಮ್ಮೆಯೂ ತಕರಾರು ಮಾಡಲಿಲ್ಲ. ಪ್ರತಿ ಮದುವೆಯನ್ನೂ ಎರಡು ಡಿಸ್ಕಿನಲ್ಲಿ ಇಳಿಸಿದ ಮೇಲೆಯೇ ಭಾವ ಕಾರ್ಡು ಮುಟ್ಟುತ್ತಿದ್ದರು. ಮಧ್ಯಾಹ್ನ ಮತ್ತೆ ಕುರ್ಚಿ ವಾಲತೊಡಗಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹಣಮಂತಪ್ಪನ ಮಗಳು ರೇಣುಕಾ ಗಂಡನ ಜೊತೆ ಸ್ಟುಡಿಯೋಗೆ ಬಂದಳು. ನಾನೂ ಅಂದು ಅಲ್ಲಿದ್ದೆ. ಆಟ ನಡೆದಿತ್ತು. ಅವಳು ಬಾಗಿಲಲ್ಲೇ ನಿಂತು, “ಅಪ್ಪ ತೀರಿಕೊಂಡ್ರು. ಎದಿ ನೋವು ಅಂದ್ರು, ದವಾಖಾನಿ ಮುಟ್ಟಲಿಲ್ಲ” ಎಂದಳು. ಒಂದು ಹೆಜ್ಜೆ ಒಳಗಿಟ್ಟು, “ವಿಡಿಯೋದಾಗ ಏನರ ಉಳಿದಾವೇನ್ರಿ? ಒಂದೀಟು ಇದ್ರೂ ನಡೀತದ” ಎಂದಳು.

ಪರದೆಯ ಮೇಲೆ ಕಾರು ಗೋಡೆಗೆ ಗುದ್ದಿಕೊಂಡು ನಿಂತಿತ್ತು. ಭಾವ ಅದನ್ನು ಆರಿಸುವುದನ್ನೂ ಮರೆತು ಕೈಮುಗಿದರು. ಅವಳು ಬೈಯಲಿಲ್ಲ. ತಂದೆಯ ಮಗಳೇ. ಬೈದಿದ್ದರೆ ಒಳ್ಳೆಯದಿತ್ತು ಎಂದು ಭಾವ ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಮರುದಿನದಿಂದ ಅವರು ಆ ಮದುವೆಗೆ ಬಂದವರನ್ನು ಹುಡುಕಿಕೊಂಡು ಹೊರಟರು. ಸೈದಾಪುರದ ಬೀಗರು, ಫ್ಯಾಕ್ಟರಿಗೆ ಹೋಗುವ ವರನ ಗೆಳೆಯರು, ಯಾರು ಯಾರ ಫೋನಿನಲ್ಲಿ ಏನಿದೆ ಎಂದು ಕೇಳಿ ಕೇಳಿ ತಂದರು. ಹೆಚ್ಚಿನವೆಲ್ಲ ತಮ್ಮ ತಮ್ಮ ಮುಖವನ್ನೇ ತೆಗೆದುಕೊಂಡ ಚಿತ್ರಗಳು. ಕಡೆಗೆ ಕೊಡೇಕಲ್‌ನಲ್ಲಿದ್ದ ವಧುವಿನ ಸೋದರತ್ತೆಯ ಫೋನಿನ ಒಂದು ಸಣ್ಣ ವಿಡಿಯೋದಲ್ಲಿ ಹಣಮಂತಪ್ಪ ಸಿಕ್ಕರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಬೂಂದಿಯ ಬುಟ್ಟಿ. ಯಾರನ್ನೋ ಊಟಕ್ಕೆ ಕರೆಯುತ್ತ, ನಗುತ್ತ ಈ ಕಡೆ ತಿರುಗಿ ಹಾದುಹೋಗುತ್ತಾರೆ. ಅಷ್ಟೇ. ಹಿಂದೆ ಬ್ಯಾಂಡಿನ ಗದ್ದಲ.

ಭಾವ ಹೊಸ ಯಂತ್ರದಲ್ಲಿ ದಿನಗಟ್ಟಲೆ ಕೂತು ಆ ಗದ್ದಲದಿಂದ ಮಾತು ಬಿಡಿಸಲು ಹೆಣಗಿದರು. ಚಿತ್ರ ತಿಳಿಯಾಯಿತು, ದನಿ ಬರಲಿಲ್ಲ. ರೇಣುಕಾ ಬಂದು ನೋಡಿದಳು. ಮತ್ತೊಮ್ಮೆ ಹಾಕಿಸಿದಳು. ಪರದೆಯ ಹತ್ತಿರ ಕಿವಿ ತಂದಳು.

“ಬಾಯಿ ಆಡ್ತದ, ಏನಂತಾರಂತ ಕೇಳಸಂಗಿಲ್ಲಲ್ರಿ” ಎಂದಳು.

“ಇಷ್ಟೇ ಆತವ್ವ ನನ್ನ ಕೈಲಿ” ಎಂದರು ಭಾವ.

ಅವಳು ಅದನ್ನೇ ಸೆರಗಿನ ಗಂಟಿನಂತೆ ಫೋನಿನಲ್ಲಿ ಜೋಪಾನ ಮಾಡಿಕೊಂಡು ಹೋದಳು. ಭಾವ ಕಾರಿನ ಆಟವನ್ನು ಅಳಿಸಿದರು. ಅಕ್ಕ ತಾನೇ ಎಷ್ಟು ಸಲ “ಆಡ್ರಿ, ಮನಿ ಭಣಭಣ ಅಂತದ” ಎಂದರೂ ಮತ್ತೆ ಹಾಕಲಿಲ್ಲ. ಬೋರ್ಡು ಇಂದಿಗೂ ಗಟ್ಟಿಯಾಗಿದೆ. ಒಂದು ಬೇಸಿಗೆ ಮುಂಚೆ ಬರಬೇಕಿತ್ತು.

ಇಷ್ಟನ್ನೂ ನಾನು ಮಗಳಿಗೆ ಹೇಳುತ್ತಿದ್ದೆ. ಅವಳು ತಿರುಪು ಹಾಕುತ್ತ ಕೇಳುತ್ತಿದ್ದಳು. ಮುಗಿದ ಮೇಲೆ ತಲೆ ಎತ್ತಿ, “ಅಪ್ಪ, ನಮ್ಮ ಅಜ್ಜಂದು ಏನರ ಅದ ಏನು? ದನಿ ಹೆಂಗಿತ್ತು?” ಎಂದಳು.

ಏನೂ ಇಲ್ಲ. ನನ್ನ ಅಪ್ಪ ಹೋದಾಗ ಅವಳು ಹುಟ್ಟಿರಲಿಲ್ಲ. ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅಪ್ಪ ಬಾಗಿಲಲ್ಲಿ ಒಂದು ಕೂಗು ಹಾಕುತ್ತಿದ್ದರು. ಅದನ್ನು ಕೂಗಿ ತೋರಿಸಲು ಹೋದೆ. “ಯಾರದೀರಿ ಮನ್ಯಾಗ?” ಕಡತ ಕೇಳುವ ಗುಮಾಸ್ತನ ದನಿಯೇ ಬಂತು. ಇನ್ನೊಮ್ಮೆ ಅಂದೆ. ಅಪ್ಪನ ದನಿ ನನ್ನೊಳಗೆ ಇದೆ ಎಂದುಕೊಂಡಿದ್ದೆ; ಇರಲಿಲ್ಲ.

ಅಡುಗೆಮನೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ನನ್ನ ಅವ್ವ ಮೊರ ಬಿಟ್ಟು ಎದ್ದು ಬಂದಳು.

“ಹಂಗಲ್ಲೋ. ಕಡೀಕ ಒಂಚೂರು ಎಳೀತಿದ್ರು.”

ಹೊಸ್ತಿಲ ಮೇಲೆ ಕೈಯಿಟ್ಟು, ಹೊರಗೆ ನೋಡುತ್ತ, ತನ್ನ ಸಣ್ಣ ದನಿಯನ್ನು ದಪ್ಪ ಮಾಡಿ ಕೂಗಿದಳು. “ಯಾರದೀರಿ ಮನ್ಯಾ...ಗ?”

ಮಗಳು ತಿರುಪು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ನನಗೇ ತಿಳಿಯದಂತೆ ನನ್ನ ಬಾಯಿಂದ ಬಂತು:

“ಅದೀವಪ್ಪ, ಬಾ.”