ಬೀಗ ಕೊಡಬಹುದು, ಕೈ ಕೊಡಬಾರದು

ಬೆಳಗಿನ ಜಾವ ನಾಲ್ಕು ಮುಕ್ಕಾಲು. ಮೂರನೇ ಮಹಡಿಯ ಮೂಲೆಕೋಣೆಯಲ್ಲಿ ಒಂದು ಮೇಜು, ಹಳೆಯ ಲ್ಯಾಪ್‌ಟಾಪು, ಒರಗಿದರೆ ಕಿರ್ರೆನ್ನುವ ಕುರ್ಚಿ. ಗೋಡೆಯಾಚೆ ಪಕ್ಕದ ಮನೆಯ ನೀರಿನ ಪಂಪು ಗೊರಗುಟ್ಟುತ್ತಿದೆ. ಕುರ್ಚಿಯಲ್ಲಿ ಕೂತಿರುವ ಐವತ್ತನಾಲ್ಕರ ಹೆಂಗಸು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದಾರೆ. ಚಳಿಯಿಲ್ಲ. ಕೈ ತಡೆದುಕೊಳ್ಳುವುದಕ್ಕೆ ಹಾಗೆ.

"ಬಿಟ್ರೆ ತಾವೇ ಹೋಗಿ ಟೈಪು ಮಾಡ್ತವೆ ಇವು. ಹನ್ನೊಂದು ವರ್ಷದ ಚಾಳಿ."

ಇವತ್ತು ಅವರು ಟೈಪು ಮಾಡುವ ಹಾಗಿಲ್ಲ. ಟೈಪು ಮಾಡುತ್ತಿರುವವಳು ದೂರದ ಒಂದು ಆಸ್ಪತ್ರೆಯ ಎಕ್ಸ್‌ರೇ ಟೆಕ್ನಿಷಿಯನ್. ಮೇಜಿನ ಮೇಲಿಟ್ಟ ಫೋನಿನಲ್ಲಿ ಆಕೆಯ ಕೀಬೋರ್ಡಿನ ಸದ್ದು ಕೇಳುತ್ತಿದೆ. ಏಳೂವರೆಯೊಳಗೆ ಹದಿನಾಲ್ಕು ಆಸ್ಪತ್ರೆಗಳ ಎಕ್ಸ್‌ರೇ ಚಿತ್ರಗಳನ್ನು ಆಕೆ ಒಬ್ಬಳೇ ಕೇಂದ್ರದ ಸರ್ವರಿಗೆ ತಂದು ಹಾಕಿದರೆ ಈ ಹೆಂಗಸಿಗೆ ಹತ್ತು ದಿನ ರಜೆ. ಹಾಕಲಾಗದಿದ್ದರೆ ರಜೆಯಿಲ್ಲ. ರೈಲಿನಲ್ಲಿ ಒಂಬತ್ತು ತಾಸು ದೂರದ ಊರಿನಲ್ಲಿ ಮಗಳಿಗೆ ದಿನ ತುಂಬಿದೆ.

ಆಸ್ಪತ್ರೆಗಳವರು ಇವರನ್ನು ಬೀಗದಕೈ ಅಕ್ಕ ಎನ್ನುತ್ತಾರೆ. ಅವರಲ್ಲಿ ಬಹಳ ಮಂದಿ ಇವರ ಮುಖ ನೋಡಿಲ್ಲ. ಸಣ್ಣ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಯಂತ್ರವಿರುತ್ತದೆ, ಚಿತ್ರ ನೋಡಿ ಹೇಳುವ ತಜ್ಞರಿರುವುದಿಲ್ಲ. ದಿನವಿಡೀ ತೆಗೆದ ಚಿತ್ರಗಳು ಅಲ್ಲಲ್ಲೇ ಇರುವ ಸರ್ವರಿನಲ್ಲಿ ಕೂಡಿಬೀಳುತ್ತವೆ. ಬೆಳಗಿನ ಜಾವ, ಲೈನು ಖಾಲಿ ಇರುವ ಹೊತ್ತಿನಲ್ಲಿ, ಅಕ್ಕ ಒಂದೊಂದೇ ಸರ್ವರಿನೊಳಗೆ ಹೊಕ್ಕು, ಚಿತ್ರಗಳನ್ನು ಎತ್ತಿ, ಕೇಂದ್ರದ ಸರ್ವರಿಗೆ ಸಾಗಿಸುತ್ತಾರೆ. ದಿನಕ್ಕೆ ಮುನ್ನೂರರಿಂದ ಮುನ್ನೂರೈವತ್ತು ಚಿತ್ರ. ಎಂಟು ಗಂಟೆಗೆ ತಜ್ಞರು ಬಂದು ಕೂರುತ್ತಾರೆ. ಅಷ್ಟರಲ್ಲಿ ಬಾರದ ಚಿತ್ರ ಮಾರನೆಯ ದಿನಕ್ಕೆ ಹೋಗುತ್ತದೆ. ಮುರಿದ ಮೂಳೆಯೋ, ನೀರು ತುಂಬಿದ ಎದೆಯೋ, ಅದೂ ಒಂದು ದಿನ ಕಾಯುತ್ತದೆ.

ಚಿತ್ರಗಳನ್ನು ಅವರು ತೆರೆದು ನೋಡುವುದಿಲ್ಲ. "ಅದು ಅವರವರ ಮೈ. ನಾನ್ಯಾಕೆ ನೋಡ್ಲಿ? ಹೆಸರು, ತೂಕ, ಎಣಿಕೆ, ಇಷ್ಟೇ ನನಗೆ."

ಈ ಕೆಲಸ ತಾನಾಗಿಯೇ ನಡೆಯುವ ಹಾಗೆ ಮಾಡಿಡಲು ಬರುವುದಿಲ್ಲವೇ ಎಂದು, ಅವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತಿರುವ ನಾನು ಕೇಳುತ್ತೇನೆ.

"ಮಾಡಿಟ್ಟಿದೀನಿ. ಎಲ್ಲಾ ಸರಿ ಇದ್ರೆ ತಾನೇ ನಡೆಯುತ್ತೆ. ಎಲ್ಲಾ ಸರಿ ಇದ್ದ ದಿನ ಯಾವುದು, ನೀವೇ ಹೇಳಿ." ಒಂದು ಕಡೆ ಕರೆಂಟು ಹೋಗಿರುತ್ತದೆ. ಒಂದು ಕಡೆ ಡಿಸ್ಕು ತುಂಬಿರುತ್ತದೆ. ಇನ್ನೊಂದು ಕಡೆ ಕಸ ಗುಡಿಸುವವರು ವೈರು ಕಿತ್ತು ಫ್ಯಾನಿಗೆ ಜಾಗ ಮಾಡಿರುತ್ತಾರೆ. ಹದಿಮೂರನೇ ಆಸ್ಪತ್ರೆಯ ಸರ್ವರಿಗೆ ಅಕ್ಕ 'ಮುದುಕಿ' ಎಂದು ಹೆಸರಿಟ್ಟಿದ್ದಾರೆ. ಕರೆದ ಮೇಲೆ ಉತ್ತರ ಕೊಡಲು ಅರ್ಧ ನಿಮಿಷ ಬೇಕು ಅದಕ್ಕೆ. "ಬೈದ್ರೆ ಇನ್ನೂ ನಿಧಾನ. ನಮ್ಮತ್ತೆ ಥರಾನೇ."

ದೂರದ ಯಂತ್ರದೊಳಗೆ ಹೋಗುವ ಈ ದಾರಿಗೆ ಎಸ್‌ಎಸ್‌ಎಚ್ ಎಂದು ಹೆಸರು. ನೋಡುವುದಕ್ಕೆ ಏನೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಮಿಣುಕುವ ಒಂದು ಚೌಕ. ನಡುವೆ ಯಾರು ಕದ್ದು ನೋಡಿದರೂ ಅರ್ಥವಾಗದ ಹಾಗೆ ಮಾತೆಲ್ಲ ಸಂಕೇತವಾಗಿ ಹೋಗುತ್ತದೆ. ಒಳಗೆ ಹೋಗಲು ಒಂದು ಜೋಡಿ ಬೇಕು. ಅದರಲ್ಲಿ ಒಂದು ಬೀಗದ ಹಾಗೆ. ದೂರದ ಸರ್ವರಿನಲ್ಲಿ, ಯಾರು ಯಾರು ಬರಬಹುದು ಎಂಬ ಪಟ್ಟಿಯಲ್ಲಿ, ಒಂದು ಸಾಲಾಗಿ ಕೂರುತ್ತದೆ. ಇನ್ನೊಂದು ಬೀಗದ ಕೈ. ಅದು ನಮ್ಮ ಯಂತ್ರ ಬಿಟ್ಟು ಕದಲಬಾರದು.

ಇದನ್ನು ಅಕ್ಕನಿಗೆ ಕಲಿಸಿದವರು ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯರು, ಎಲ್ಲರ ತಪ್ಪನ್ನೂ ತಿದ್ದುತ್ತಿದ್ದರು, ಹಾಗಾಗಿ ಆ ಹೆಸರು. ಅಕ್ಕ ಆಗ ಕಂಪನಿಯಲ್ಲಿ ಫೋನು ಎತ್ತುವ ಕೆಲಸದಲ್ಲಿದ್ದರು. ಮೇಷ್ಟ್ರು ಮೊದಲ ದಿನ ಹೇಳಿದ್ದು ಒಂದೇ ಮಾತು: "ನೋಡಮ್ಮಾ, ಬೀಗ ಊರಿಗೆಲ್ಲ ಕೊಡಬಹುದು. ಕೈ ಮಾತ್ರ ಯಾರಿಗೂ ಕೊಡಬಾರದು."

ಮೇಷ್ಟ್ರ ಎರಡನೇ ಪಾಠವನ್ನು ಅಕ್ಕ ಪೆಟ್ಟು ತಿಂದು ಕಲಿತರು. ಸರ್ವರಿನ ಬಾಗಿಲಿನ ಏರ್ಪಾಡು ಬದಲಿಸುವಾಗ, ಪರದೆಯಲ್ಲಿ ತೆರೆದಿರುವ ಮೊದಲ ಕಿಟಕಿ ಮುಚ್ಚಬಾರದು. ಎರಡನೆಯದು ತೆರೆದು, ಒಳಗೆ ಹೋಗಲಾಗುತ್ತದೆ ಎಂದು ನೋಡಿಕೊಂಡು, ಆಮೇಲೆ ಮುಚ್ಚಬೇಕು. ಎರಡನೇ ವರ್ಷ ಒಂದು ಬೆಳಿಗ್ಗೆ ನಾಲ್ಕನೇ ಸರ್ವರಿನಲ್ಲಿ ಅವರು ಒಂದು ತಪ್ಪು ಸಾಲು ಬರೆದು, ನೋಡದೆ ಕಿಟಕಿ ಮುಚ್ಚಿಬಿಟ್ಟರು. ಮತ್ತೆ ತಟ್ಟಿದರೆ ಬಾಗಿಲು ತೆರೆಯಲಿಲ್ಲ. "ಕೂತ ಕೊಂಬೆ ಕಡಿಯೋದು ಅಂತಾರಲ್ಲ, ಅದು ನಾನು. ಏಳು ತಾಸು ಬಸ್ಸಲ್ಲಿ ಹೋದೆ. ಸ್ಟೋರ್ ರೂಮಲ್ಲಿ, ನೆಲ ಒರೆಸೋ ಬಕೆಟ್ ಪಕ್ಕ, ಊರುಗೋಲುಗಳ ಕೆಳಗೆ ಕೂತಿತ್ತು. ಇಷ್ಟೇನಾ ನೀನು ಅಂದೆ. ಐದು ನಿಮಿಷದ ಕೆಲಸ. ಮತ್ತೆ ಏಳು ತಾಸು ಬಸ್ಸು."

ಹದಿನಾಲ್ಕರಲ್ಲಿ ಅವರು ಕಣ್ಣಾರೆ ಕಂಡಿರುವ ಯಂತ್ರ ಅದೊಂದೇ.

ಮೇಷ್ಟ್ರು ತೀರಿಹೋಗಿ ಆರು ವರ್ಷ. ಅಲ್ಲಿಂದ ಅಕ್ಕ ಒಬ್ಬರೇ. ಸತತ ಎರಡು ದಿನ ರಜೆ ತೆಗೆದುಕೊಂಡಿಲ್ಲ. ಜ್ವರ ಬಂದರೆ ಲ್ಯಾಪ್‌ಟಾಪು ಹಾಸಿಗೆಗೆ ಬರುತ್ತದೆ. ಗಂಡನಿಗೆ ಬೇಕರಿಯಲ್ಲಿ ಕೆಲಸ, ಮೂರೂವರೆಗೇ ಮನೆ ಬಿಡುತ್ತಾರೆ. "ನಾವಿಬ್ರೂ ಮುಖಾಮುಖಿ ಆಗೋದು ಭಾನುವಾರ ಮಧ್ಯಾಹ್ನ. ಅವರಿಗೆ ಬಿಳಿಗೂದಲು ಬಂದಿದ್ದು ನನಗೆ ಫೋಟೋದಲ್ಲಿ ಗೊತ್ತಾಯ್ತು." ಮಗಳ ಮೊದಲ ಹೆರಿಗೆಯ ಸುದ್ದಿ ಬಂದಾಗ ಬೆಳಿಗ್ಗೆ ಆರು ಐವತ್ತು, ಎಂಟನೇ ಆಸ್ಪತ್ರೆಯ ಚಿತ್ರಗಳು ಹೋಗುತ್ತಿದ್ದವು. ಮೊಮ್ಮಗನನ್ನು ಎತ್ತಿಕೊಂಡದ್ದು ಅವನಿಗೆ ನಾಲ್ಕು ತಿಂಗಳಾದ ಮೇಲೆ.

ಈ ಸಲ ಬರುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಮಗಳ ಅತ್ತೆ ಹೋದ ವಾರ ಫೋನು ಮಾಡಿದ್ದರು. "ಏನ್ರೀ ಬೀಗಿತ್ತಿ, ಹೆರಿಗೆ ನಿಮ್ಮ ಮಗಳಿಗಾ, ಕಂಪ್ಯೂಟರಿಗಾ? ಯಾವುದಕ್ಕೆ ಮೊದಲು ಬಿಸಿನೀರು ಕಾಯಿಸೋಣ?" ಅಕ್ಕ ನಕ್ಕು ಫೋನು ಇಟ್ಟರಂತೆ. ನಗು ಎಲ್ಲಿಂದ ಬಂತೋ ತಿಳಿಯದು ಎನ್ನುತ್ತಾರೆ.

ರಜೆ ಕೇಳಿದ್ದಕ್ಕೆ ಮ್ಯಾನೇಜರು, ನಿಮ್ಮ ಜಾಗಕ್ಕೆ ನೀವೇ ಒಬ್ಬರನ್ನು ಹುಡುಕಿ, ನೀವೇ ಕಲಿಸಿ ಎಂದರು. ಒಪ್ಪಿದವಳು ಒಂಬತ್ತನೇ ಆಸ್ಪತ್ರೆಯ ಟೆಕ್ನಿಷಿಯನ್. ವಯಸ್ಸು ನಲವತ್ತೊಂದು, ಇಬ್ಬರು ಮಕ್ಕಳು, ಬಾಯಿ ಜೋರು. ಮೂರು ವಾರ ಫೋನಿನಲ್ಲೇ ಪಾಠ ನಡೆಯಿತು. ಹೋದ ಸೋಮವಾರ ಅಕ್ಕ ಅವಳಿಗೆ, ನಿನ್ನದೇ ಒಂದು ಜೋಡಿ ಮಾಡಿಕೊಂಡು ಬೀಗ ಕಳಿಸು ಎಂದರು. ಎರಡೂ ಕಡತಗಳ ಹೆಸರು ಹೆಚ್ಚುಕಡಿಮೆ ಒಂದೇ. ಬೀಗದ ಬಾಲದಲ್ಲಿ ಮಾತ್ರ ಮೂರು ಅಕ್ಷರ ಹೆಚ್ಚು. ಅವಳು ಬಾಲವಿಲ್ಲದ್ದನ್ನು ಕಳಿಸಿದಳು. ಅದೂ ನಲವತ್ತು ಮಂದಿ ಇರುವ ಆಸ್ಪತ್ರೆಗಳ ವಾಟ್ಸ್ಆ್ಯಪ್ ಗುಂಪಿಗೆ.

"ಬೀಗ ಕಳಿಸೇ ಅಂದ್ರೆ ಕೈ ಕೊಟ್ಲು ಮಹಾತಾಯಿ," ಎನ್ನುತ್ತಾರೆ ಅಕ್ಕ. ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಾಗುವಷ್ಟು ತ್ರಾಣವೂ ಇಲ್ಲ. ಮೂರು ಜನ ಅದಕ್ಕೆ ಹೂವಿನ ಚಿತ್ರ ಹಾಕಿ ಶುಭೋದಯ ಹೇಳಿದ್ದರು.

ಗುಂಪಿನಲ್ಲಿ ಮ್ಯಾನೇಜರೂ ಇದ್ದರು. ಇಂಥವರ ಕೈಗೆ ಹದಿನಾಲ್ಕು ಆಸ್ಪತ್ರೆ ಕೊಟ್ಟು ಹೋಗುತ್ತೀರಾ ಎಂದು ರಜೆ ರದ್ದು ಮಾಡಿದರು. ಅಕ್ಕ ಮಾರುತ್ತರ ಬರೆದರು. ಒಂದೇ ಸಾಲು: 'ನಾಲ್ಕನೇ ಸರ್ವರಿನ ಬಾಗಿಲು ನಾನೇ ಮುಚ್ಚಿಕೊಂಡಿದ್ದೆ, ಆದರೂ ಅವತ್ತು ನನ್ನನ್ನು ಕೆಲಸದಲ್ಲಿ ಇಟ್ಟುಕೊಂಡಿರಿ.' ಎರಡು ದಿನ ಬಿಟ್ಟು ಉತ್ತರ ಬಂತು. ಒಂದು ಬೆಳಿಗ್ಗೆ ಅವಳೊಬ್ಬಳೇ ಮಾಡಿ ತೋರಿಸಲಿ, ನೀವು ಕೀಬೋರ್ಡು ಮುಟ್ಟಬಾರದು, ಹೇಳಿಯೂ ಕೊಡಬಾರದು.

ಆ ಹಳೆಯ ಜೋಡಿಯನ್ನು ಅಳಿಸಿ ಅವಳು ಹೊಸದನ್ನು ಮಾಡಿದಳು. ಅದರ ಬೀಗವನ್ನು ಅಕ್ಕ ನಿನ್ನೆ ಎಲ್ಲ ಸರ್ವರುಗಳ ಪಟ್ಟಿಗೂ ಸೇರಿಸಿದ್ದಾರೆ. ಮೊದಲೇ ತೆರೆದಿಟ್ಟಿದ್ದ ಆ ಪಟ್ಟಿಯನ್ನು ನನಗೆ ತೋರಿಸುತ್ತಾರೆ. ಮೂರು ಉದ್ದನೆಯ ಸಾಲುಗಳು, ಓದಲು ಬಾರದ ಅಕ್ಷರಗಳು, ಕೊನೆಯಲ್ಲಿ ಮಾತ್ರ ಒಬ್ಬೊಬ್ಬರ ಗುರುತು. ಮೊದಲ ಸಾಲು ಮೇಷ್ಟ್ರದು. ಹೋದವರ ಸಾಲನ್ನು ಅದೇ ದಿನ ಅಳಿಸಬೇಕೆಂಬುದು ನಿಯಮ. ಅಕ್ಕ ಅಳಿಸಿಲ್ಲ. ಅದರ ಮುಂದೆ ಒಂದು ಹ್ಯಾಶ್ ಗುರುತು ಹಾಕಿದ್ದಾರೆ. ಆ ಗುರುತಿದ್ದರೆ ಯಂತ್ರ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ.

"ಯಂತ್ರ ಓದಲ್ಲ. ನಾನು ಓದ್ತೀನಿ, ಅಷ್ಟೇ."

ನಾನು ಬರೆದುಕೊಳ್ಳುತ್ತೇನೆ. 

ಆರು ಗಂಟೆಗೆ ಎಂಟು ಆಸ್ಪತ್ರೆ ಮುಗಿದಿವೆ. ಕಿಟಕಿಯಲ್ಲಿ ಬೆಳಕು ಬರುತ್ತಿದೆ. ಒಂಬತ್ತನೆಯದು ಅವಳದ್ದೇ ಆಸ್ಪತ್ರೆ. "ನನ್ನ ಮನೆಗೆ ನಾನೇ ಬಾಗಿಲು ಬಡಿದು ಬರಬೇಕಲ್ಲ ಅಕ್ಕಾ, ಇದೆಂಥ ಕರ್ಮ," ಎನ್ನುತ್ತಾಳೆ ಫೋನಿನಲ್ಲಿ. "ಬಾಯಿ ಮುಚ್ಕೊಂಡು ಮಾಡು," ಎನ್ನುತ್ತಾರೆ ಅಕ್ಕ. ಇದು ಹೇಳಿಕೊಟ್ಟಂತಾಗುವುದಿಲ್ಲ ಎಂದು ನನ್ನ ಕಡೆ ತಿರುಗಿ ಹೇಳುತ್ತಾರೆ.

ಹನ್ನೊಂದನೆಯದರಲ್ಲಿ ಲೈನು ಒಮ್ಮೆ ತಡವರಿಸುತ್ತದೆ. ಮತ್ತೆ ಬರುತ್ತದೆ. ಅಕ್ಕನ ಪರದೆಯಲ್ಲಿ ಕೇಂದ್ರದ ಸರ್ವರಿನ ಪಟ್ಟಿ ಕಾಣುತ್ತಿದೆ. ಹದಿನೆಂಟು ಚಿತ್ರ, ಹದಿನೆಂಟು ಹೆಸರು, ಎಲ್ಲ ಬಂದಂತಿದೆ.

"ಹನ್ನೊಂದೂ ಆಯ್ತಕ್ಕಾ."

ಅಕ್ಕನ ಒಂದು ಬೆರಳು ತೊಡೆಯ ಕೆಳಗಿನಿಂದ ಹೊರಬಂದು ಪರದೆಯ ಒಂದು ಸಾಲನ್ನು ನನಗೆ ತೋರಿಸುತ್ತದೆ. ಸುತ್ತಲಿನ ಚಿತ್ರಗಳ ತೂಕವೆಲ್ಲ ಹದಿನೈದು ಎಂಬಿಯ ಆಸುಪಾಸು, ಅದೊಂದು ಆರು. ಹೆಸರು ಪೂರ್ತಿ ಬಂದಿದೆ, ಚಿತ್ರ ಅರ್ಧದಲ್ಲಿ ಕಡಿದುಹೋಗಿದೆ. ಎಂಟು ಗಂಟೆಗೆ ತಜ್ಞರು ತೆರೆದರೆ ಕೆಟ್ಟ ಕಡತ. ಒಬ್ಬ ರೋಗಿ ನಾಳೆಗೆ. ರಜೆಯೂ ಅದರ ಜೊತೆಗೇ.

ಹೇಳುವ ಹಾಗಿಲ್ಲ; ಅಕ್ಕ ಬೆರಳನ್ನು ಮತ್ತೆ ತೊಡೆಯ ಕೆಳಗೆ ಸೇರಿಸುತ್ತಾರೆ. ಪಂಪಿನ ಸದ್ದು ನಿಂತಿದೆ. ಫೋನಿನಲ್ಲಿ ಹನ್ನೆರಡನೆಯದಕ್ಕೆ ಟೈಪು ಮಾಡುವ ಸದ್ದು ಶುರುವಾಗುತ್ತದೆ. ನಿಲ್ಲುತ್ತದೆ.

"ತಡೀರಿ ಅಕ್ಕಾ."

ಅಕ್ಕ ಫೋನಿನ ಕಡೆ ಬಾಗುತ್ತಾರೆ.

"ಇದೇನಿದು, ಎದೆ ಅಂತ ಹೆಸರಿದೆ, ಆರೇ ಎಂಬಿ? ಎದೆ ಇಷ್ಟು ಹಗುರ ಬರಲ್ಲ. ಹದಿನಾರು ವರ್ಷದಿಂದ ಎದೆ ತೆಗೀತಾ ಇದೀನಿ, ನನಗೆ ಗೊತ್ತಿಲ್ವಾ? ಅರ್ಧ ಎದೆ ಕಳಿಸಿದೆ ಇದು. ವಾಪಸ್ ಹೋಗ್ತೀನಿ."

ಆಕೆ ಮತ್ತೆ ಹನ್ನೊಂದನೆಯದರೊಳಗೆ ಹೋಗಿ ಆ ಒಂದು ಚಿತ್ರವನ್ನು ಪುನಃ ಸಾಗಿಸುತ್ತಾಳೆ. ಪರದೆಯಲ್ಲಿ ಆರು ಇದ್ದದ್ದು ಒಂಬತ್ತಾಗುತ್ತದೆ, ಹನ್ನೆರಡಾಗುತ್ತದೆ, ಹದಿನೈದಕ್ಕೆ ಬಂದು ನಿಲ್ಲುತ್ತದೆ. ಅಕ್ಕ ಕಣ್ಣು ಮುಚ್ಚಿದ್ದಾರೆ. ನಿದ್ದೆ ಹೋದರೇನೋ ಅನ್ನಿಸುತ್ತದೆ.

ಮುದುಕಿ ಇವತ್ತು ಉತ್ತರ ಕೊಡಲು ಮುಕ್ಕಾಲು ನಿಮಿಷ ತೆಗೆದುಕೊಂಡಿತು. ಹದಿನಾಲ್ಕನೆಯದು ಮುಗಿದಾಗ ಏಳು ಹದಿನೆಂಟು. ಒಟ್ಟು ಮುನ್ನೂರ ಹನ್ನೆರಡು ಚಿತ್ರ. ಮ್ಯಾನೇಜರಿಗೆ ಅಕ್ಕ ಎಣಿಕೆ ಕಳಿಸುತ್ತಾರೆ. ಕಾಲು ತಾಸಿನ ನಂತರ ಬಂದ ಉತ್ತರದಲ್ಲಿ 'ಸರಿ' ಎಂದಷ್ಟೇ ಇದೆ. ಅವರು ಅದನ್ನು ಎರಡು ಸಲ ಓದಿ ಫೋನು ಕವುಚಿ ಇಡುತ್ತಾರೆ.

ಸಂತೋಷವಾಯಿತೇ ಎಂದು ಕೇಳುತ್ತೇನೆ.  "ಸುಸ್ತು ಗೊತ್ತಾಗ್ತಿದೆ. ಇಷ್ಟು ದಿನ ಅದೂ ಗೊತ್ತಾಗ್ತಿರ್ಲಿಲ್ಲ." ರೈಲು ಮಧ್ಯಾಹ್ನದ್ದು. ಹತ್ತು ದಿನದಲ್ಲಿ ಮೊಮ್ಮಗುವಲ್ಲದೆ ಬೇರೇನಾದರೂ ಆಸೆ ಇದೆಯೇ? "ಒಂದು ದಿನ ಎಂಟು ಗಂಟೆವರೆಗೂ ಮಲಗಬೇಕು. ಮಗು ಮಲಗಕ್ಕೆ ಬಿಟ್ರೆ."

ಫೋನಿನಲ್ಲಿ ಟೆಕ್ನಿಷಿಯನ್ ಇನ್ನೂ ಕೇಂದ್ರದ ಸರ್ವರಿನಲ್ಲೇ ಇದ್ದಾಳೆ. ಯಾರೂ ಹೇಳದಿದ್ದರೂ ಎಣಿಕೆಯನ್ನು ಮೊದಲಿನಿಂದ ಮತ್ತೊಮ್ಮೆ ನೋಡುತ್ತಿದ್ದಾಳೆ. "ನೀವು ಹೊರಡಿ ಅಕ್ಕಾ, ಬಟ್ಟೆ ತುಂಬ್ಕೊಳ್ಳಿ. ನಾನು ನೋಡ್ಕೋತೀನಿ."

ಒಳಗೆ ಯಾರಿದ್ದಾರೆ ಎಂದು ಕೇಳುವ ಒಂದು ಪುಟ್ಟ ಆಜ್ಞೆಯಿದೆ. ಬೆಳಗಿನಿಂದ ಮೊದಲ ಸಲ ಅಕ್ಕ ಕೀಬೋರ್ಡಿನ ಮೇಲೆ ಕೈಯಿಟ್ಟು ಅದನ್ನು ಟೈಪು ಮಾಡುತ್ತಾರೆ. ಎರಡು ಸಾಲು ಬರುತ್ತವೆ, ಒಂದು ತಮ್ಮದು, ಒಂದು ಅವಳದು. ಸ್ವಲ್ಪ ಹೊತ್ತು ನೋಡಿ, ತಮ್ಮ ಕಿಟಕಿಗೆ ಹೊರಡುವ ಆಜ್ಞೆ ಕೊಡುತ್ತಾರೆ. ಸಂಪರ್ಕ ಮುಗಿಯಿತು ಎಂದು ಪರದೆ ಹೇಳುತ್ತದೆ.

"ಆರು ವರ್ಷ ಆಯ್ತು," ಎನ್ನುತ್ತಾರೆ ಲ್ಯಾಪ್‌ಟಾಪಿನ ಮುಚ್ಚಳ ಇಳಿಸುತ್ತಾ. "ನಾನು ಹೊರಗೆ ಬಂದ ಮೇಲೂ ಒಳಗೆ ಒಬ್ರು ಇರೋದು ಇವತ್ತೇ."