ವಿಲ್ಫ್ ಗ್ರಿಮ್‌ಶಾನ ಅಪ್ರದಕ್ಷಿಣೆ

ಥಾರ್ನ್‌ಬೆಕ್ ಟೌನ್ ಫುಟ್‌ಬಾಲ್ ಮೈದಾನದ ಪೂರ್ವದ ಅಂಚಿನಲ್ಲಿ ಎರಡಡಿ ಅಗಲದ ಒಂದು ಪಟ್ಟಿಯಿದೆ. ಅಲ್ಲಿ ಹುಲ್ಲು ಬೆಳೆಯುವುದಿಲ್ಲ. ಗೊಬ್ಬರ ಹಾಕಿದರು, ಬೀಜ ಚೆಲ್ಲಿದರು, ಒಮ್ಮೆ ಬೇರೆ ಊರಿನಿಂದ ಹುಲ್ಲಿನ ಹಾಸನ್ನೇ ಸುರುಳಿ ಸುತ್ತಿ ತಂದು ಹಾಸಿದರು. ಆಗಸ್ಟಿನಲ್ಲಿ ಹಾಸಿದ್ದು ನವೆಂಬರಿಗೆ ಬೋಳು. ಮೂವತ್ತೆಂಟು ವರ್ಷ ಆ ನೆಲವನ್ನು ತುಳಿದು ಪಾವನಗೊಳಿಸಿದ್ದು ಒಂದೇ ಜೊತೆ ಪಾದಗಳು. ಅವು ವಿಲ್ಫ್ ಗ್ರಿಮ್‌ಶಾನವು.

ನಮ್ಮ ದರ್ಜೆಯ ಕ್ಲಬ್ಬುಗಳಲ್ಲಿ ಪ್ರೇಕ್ಷಕರು ಒಂದೇ ಕಡೆ ನಿಲ್ಲುವುದಿಲ್ಲ. ನಮ್ಮ ತಂಡ ಯಾವ ಗೋಲಿನ ಕಡೆ ಆಡುತ್ತದೋ ಆ ಗೋಲಿನ ಹಿಂದೆ ನಿಲ್ಲುತ್ತೇವೆ. ಮಧ್ಯಂತರದಲ್ಲಿ ಆಟಗಾರರು ದಿಕ್ಕು ಬದಲಿಸಿದರೆ ನಾವೂ ಗಿರಣಿ ತುದಿಯಿಂದ ಸ್ಮಶಾನ ತುದಿಗೆ ಗುಳೆ ಹೋಗುತ್ತೇವೆ. ನಾಲ್ಕುನೂರು ಜನ, ಒಂದೇ ದಾರಿ, ಚಹಾದಂಗಡಿಯ ಮುಂದಿನದು. ಏಕೆಂದರೆ ಮಾಂಸ ತುಂಬಿದ ಬಿಸಿ ಪೈ ಸಿಗುವುದು ಅಲ್ಲಿ. ನಾವೆಲ್ಲ ಹೀಗೆ ಬಲಕ್ಕೆ ಪ್ರದಕ್ಷಿಣೆ ಹೊರಟರೆ ವಿಲ್ಫ್ ಒಬ್ಬನೇ ಎಡಕ್ಕೆ, ಮ್ಯಾನೇಜರ್ ಕೂರುವ ಬೆಂಚಿನ ಮುಂದಿನಿಂದ, ಆಟಗಾರರು ಒಳಹೋಗುವ ಬಾಗಿಲು ದಾಟಿ, ಅಪ್ರದಕ್ಷಿಣೆ. ಮಳೆಯಿರಲಿ, ಹಿಮವಿರಲಿ, ಕೈ ಎರಡೂ ಜೇಬಿನಲ್ಲಿ.

ಇದಕ್ಕೆ ಕಾರಣ ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಕೇಳಿದರೆ ಕಥೆ ಕಟ್ಟುವ ಸುಖವೇ ಹೋಗುತ್ತದಲ್ಲ. ಹಾಗಾಗಿ ನಾವೇ ಕಂಡುಕೊಂಡೆವು. ವಿಲ್ಫ್ ಆ ದಾರಿಯಲ್ಲಿ ಹೋಗುವುದು ಮ್ಯಾನೇಜರನ ಮುಖ ಓದುವುದಕ್ಕೆ. ಒಬ್ಬ ಮ್ಯಾನೇಜರನ ಮುಂದೆ ಹಾದುಹೋಗುವಾಗ ವಿಲ್ಫ್ ಕಿವಿ ಕೆರೆದುಕೊಂಡ, ಮಂಗಳವಾರ ಆ ಮನುಷ್ಯನ ಕೆಲಸ ಹೋಯಿತು. ಇನ್ನೊಬ್ಬನ ಮುಂದೆ ಸೀನಿದ, ಅವನು ಕ್ರಿಸ್‌ಮಸ್ ಕಾಣಲಿಲ್ಲ. ಎಂಟು ಮಂದಿ ಮ್ಯಾನೇಜರುಗಳು ಹೀಗೆ ವಿಲ್ಫ್‌ನ ಕಿವಿ ಮೂಗುಗಳಿಗೆ ಬಲಿಯಾದರು. ನಲವತ್ತನಾಲ್ಕು ವರ್ಷ ಚಪ್ಪಲಿ ಕಾರ್ಖಾನೆಯಲ್ಲಿ ಎಡಗಾಲಿನ ಅಟ್ಟೆ ಮಾತ್ರ ಕತ್ತರಿಸಿ ನಿವೃತ್ತನಾದ ಈ ಸಣಕಲು ಮನುಷ್ಯನಿಗೆ ಇಂಥ ದಿವ್ಯದೃಷ್ಟಿ ಎಲ್ಲಿಂದ ಬಂತೆಂದು ಅವನ ಹೆಂಡತಿ ಡೊರೀನಳನ್ನು ಒಮ್ಮೆ ಕೇಳಿದೆವು. "ಕನ್ನಡಕ ಎಲ್ಲಿಟ್ಟಿದೀನಿ ಅಂತ ದಿನಾ ಬೆಳಗ್ಗೆ ನನ್ನ ಕೇಳ್ತಾನೆ, ಅವನಿಗೆ ದಿವ್ಯದೃಷ್ಟಿಯಾ?" ಅಂದಳು. ಮಹಾತ್ಮರ ಹೆಂಡತಿಯರು ಎಲ್ಲ ಕಾಲದಲ್ಲೂ ಹೀಗೆಯೇ ಎಂದು ನಾವು ಸಮಾಧಾನ ಮಾಡಿಕೊಂಡೆವು.

ಈ ಮಹಾತ್ಮನೇ ನಮ್ಮ ಬೆನ್ನಿಗೆ ಚೂರಿ ಹಾಕಿದ ಎಂಬುದು ನಾನು ಹೇಳಹೊರಟ ಕಥೆ.

ಅಕ್ಟೋಬರಿನಲ್ಲಿ ಒಂಬತ್ತನೆಯ ಮ್ಯಾನೇಜರನ ತಲೆ ಉರುಳಿತು. ನಮ್ಮದು ಊರಿನವರೇ ಸೇರಿ ಕೊಂಡುಕೊಂಡ ಕ್ಲಬ್ಬು. ಹೊಸ ಮ್ಯಾನೇಜರನನ್ನು ಆರಿಸುವ ಐವರ ಸಮಿತಿಯಲ್ಲಿ ನಾಲ್ವರು ಆಡಳಿತದವರು, ಒಬ್ಬ ಗೋಲಿನ ಹಿಂದೆ ನಿಲ್ಲುವವರ ಪ್ರತಿನಿಧಿ. ಪ್ರತಿನಿಧಿ ಯಾರಾಗಬೇಕು? ಅದಕ್ಕೇನು ಚರ್ಚೆ? ಬೆರಿಲ್‌ಳ ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ನಲವತ್ತು ಕೈ ಒಟ್ಟಿಗೆ ಮೇಲೆದ್ದವು. ವಿಲ್ಫ್‌ನ ಕೈ ಮಾತ್ರ ಹುರಿಗಡಲೆಯ ಬಟ್ಟಲಲ್ಲಿತ್ತು.

ಆದರೆ ಮ್ಯಾನೇಜರ್ ಯಾರಾಗಬೇಕು ಎಂಬುದರ ಮೇಲೆ ಮೂರು ಭಾನುವಾರ ಯುದ್ಧ ನಡೆಯಿತು.

"ನನ್ನನ್ನ ಮಾಡಿ," ಅಂದ ಅಂಚೆಯ ಇಯಾನ್. ಅವನು ಕಂಪ್ಯೂಟರ್ ಆಟದಲ್ಲಿ ಥಾರ್ನ್‌ಬೆಕ್ ಟೌನನ್ನು ಎರಡು ಸಲ ಯುರೋಪಿನ ಚಾಂಪಿಯನ್ ಮಾಡಿದವನು. "ನನ್ನ ಹತ್ರ ದಾಖಲೆ ಇದೆ."

"ನೀನು ನನ್ನ ಕಾಗದಾನ ಪಕ್ಕದ ಮನೆಗೆ ಹಾಕಿರೋ ದಾಖಲೇನೂ ಇದೆ," ಅಂದಳು ಬೆರಿಲ್.

"ದಕ್ಷಿಣದಿಂದ ಒಬ್ಬ ಬರ್ತಾನಂತೆ," ಅಂದೆ ನಾನು. "ಲ್ಯಾಪ್‌ಟಾಪಲ್ಲೇ ಎಲ್ಲಾ ಲೆಕ್ಕ ಹಾಕ್ತಾನಂತೆ."

"ನಮ್ಮ ಮೈದಾನದ ಮಳೇಲಿ ಲ್ಯಾಪ್‌ಟಾಪ್ ತೆಗೀಲಿ ನೋಡೋಣ, ಮೀನು ಸಾಕಬೋದು ಅದ್ರಲ್ಲಿ," ಎಂದು ಟ್ರೆವರ್ ಮೇಜು ಕುಟ್ಟಿದ. ಟ್ರೆವರ್ ಮನೆ ಛಾವಣಿ ರಿಪೇರಿ ಮಾಡುವವನು. ಎತ್ತರದಿಂದ ಕೂಗಿ ಕೂಗಿ ಅವನ ಗಂಟಲು ನೆಲದ ಮೇಲೂ ಅಷ್ಟೇ ಜೋರು. "ಒಬ್ಬನೇ ಕಣ್ರೋ ಇರೋದು! ಡಂಕನ್!"

ಡಂಕನ್ ರೈಲ್ಯಾಂಡ್. ಹನ್ನೊಂದು ವರ್ಷ ನಮ್ಮ ನಾಯಕ. ಹತ್ತೊಂಬತ್ತು ವರ್ಷದ ಹಿಂದೆ ತಲೆಗೆ ಪಟ್ಟಿ ಕಟ್ಟಿಕೊಂಡು, ಆ ಪಟ್ಟಿಯಿಂದ ರಕ್ತ ಇಳಿಯುತ್ತಿರುವಾಗ, ಅದೇ ತಲೆಯಿಂದ ಚೆಂಡು ಹೊಡೆದು ನಮಗಿಂತ ಮೂರು ದರ್ಜೆ ಮೇಲಿನ ತಂಡವನ್ನು ಸೋಲಿಸಿದವನು. ಆಮೇಲೆ ಎದೆಯ ಮೇಲಿನ ಲಾಂಛನಕ್ಕೆ ಮುತ್ತಿಟ್ಟು ನಮ್ಮತ್ತ ಓಡಿಬಂದವನು. ಅವತ್ತು ಅವನ ರಕ್ತ ಸಿಡಿದ ಸ್ಕಾರ್ಫನ್ನು ಟ್ರೆವರ್ ಇನ್ನೂ ಒಗೆದಿಲ್ಲ. ನಾನು ನನ್ನ ನಾಯಿಗೆ ಡಂಕನ್ ಎಂದು ಹೆಸರಿಟ್ಟೆ. ಅದು ಸತ್ತ ಮೇಲೆ ಬಂದ ನಾಯಿಗೂ ಅದೇ ಹೆಸರು.

ಚರ್ಚೆ ಅಲ್ಲಿಗೆ ಮುಗಿಯಿತು. ಡಂಕನ್‌ನದೊಂದು ಹಾಡಿದೆ. ಎರಡೇ ಸಾಲು, ಆದರೆ ನಿಲ್ಲಿಸುವುದು ಯಾರಿಗೂ ಗೊತ್ತಿಲ್ಲ. ಮೂರನೆಯ ಭಾನುವಾರ, ಸಂದರ್ಶನದ ಹಿಂದಿನ ದಿನ, ವಿಲ್ಫ್‌ನನ್ನು ಕುರ್ಚಿಯ ಮೇಲೆ ನಿಲ್ಲಿಸಿ, ಆ ಒಗೆಯದ ಸ್ಕಾರ್ಫಿನ ಮೇಲೆ ಅವನ ಕೈಯಿಡಿಸಿದೆವು.

"ನಿನ್ನ ಓಟು ಯಾರಿಗೆ?" ಎಂದು ಗುಡುಗಿದ ಟ್ರೆವರ್.

ವಿಲ್ಫ್ ಒಂದು ಬೆರಳೆತ್ತಿದ. "ಡಂಕನ್ ವಿಷಯ ಒಂದ್ ಮಾತು..."

ಆ ಹೆಸರು ಸಾಕಾಯಿತು. ನಲವತ್ತು ಗಂಟಲು ಹಾಡಿಗೆ ಬಿದ್ದವು. ಕಾಲುಗಂಟೆ ಕಳೆದು ಬಿಯರಿಗಾಗಿ ಹಾಡು ತುಸು ತಗ್ಗಿದಾಗ ವಿಲ್ಫ್ ಕೆಳಗಿಳಿದು ಟ್ರೆವರ್‌ನ ತೋಳು ಹಿಡಿದ. "ಆ ಕಾಗದಗಳನ್ನ ನೋಡ್ದೆ ಕಣೋ, ಡಂಕನ್..." ಟ್ರೆವರ್‌ನ ಕಣ್ಣಲ್ಲಿ ನೀರು ಬಂತು. ವಿಲ್ಫ್‌ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಹಾಡು ಎರಡನೆಯ ಸಲ ಶುರುವಾಯಿತು. ವಿಲ್ಫ್‌ನ ತಲೆ ತೊಲೆಗೆ ತಗುಲಿತು. ಅವನು ನೋವಿಗೆ ತಲೆಯಾಡಿಸಿದ್ದನ್ನು ನಾವು ಪ್ರತಿಜ್ಞೆ ಎಂದು ತಿಳಿದೆವು.

ಬುಧವಾರ ಚಹಾದಂಗಡಿಯ ಗೋಡೆಗೆ ನೋಟೀಸು ಬಿತ್ತು. ಕ್ಲಬ್ಬಿನ ಅಧ್ಯಕ್ಷೆ, ನಿವೃತ್ತ ಹಲ್ಲಿನ ಡಾಕ್ಟರು ಮಿಸೆಸ್ ಆಕ್ರಾಯ್ಡ್, ಹಸಿರು ಇಂಕಿನಲ್ಲಿ ಬರೆದಿದ್ದರು. ಹೊಸ ಮ್ಯಾನೇಜರ್ ಲೆನ್ ಬ್ರಾಕ್. ಪರವಾಗಿ ಮೂರು ಓಟು, ವಿರುದ್ಧ ಎರಡು. ಪರವಾಗಿ ಹಾಕಿದ ಮೂರನೆಯವರು: ಶ್ರೀ ವಿ. ಗ್ರಿಮ್‌ಶಾ. ಅದರ ಕೆಳಗೆ ಇನ್ನೂ ಆರೇಳು ಸಾಲುಗಳಿದ್ದವು. ಅವುಗಳನ್ನು ಓದುವ ಶಕ್ತಿ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ.

ಲೆನ್ ಬ್ರಾಕ್ ಕೆಲ್ಡನ್ನಿನವನು! ಗುಡ್ಡದಾಚೆ ಏಳು ಮೈಲಿ ದೂರದ ಕೆಲ್ಡನ್! ಅವರ ತಂಡಕ್ಕೆ ಆಡುತ್ತಿದ್ದಾಗ ಮೊಣಕೈಯಿಂದ ನಮ್ಮ ಆಟಗಾರನೊಬ್ಬನ ಹಲ್ಲು ಉದುರಿಸಿದವನು. ಆ ಹಲ್ಲು ಬೆರಿಲ್‌ಳ ಪಬ್ಬಿನ ಶೆಲ್ಫಿನ ಮೇಲೆ ಗಾಜಿನ ಲೋಟದಲ್ಲಿ ಇವತ್ತಿಗೂ ಇದೆ. ಆ ಬಾಯಿಗೆ ಹೊಸ ಹಲ್ಲು ಕಟ್ಟಿದ ಮಿಸೆಸ್ ಆಕ್ರಾಯ್ಡ್ ಕೂಡ ಅವನಿಗೇ ಓಟು ಹಾಕಿದ್ದರು. ಅವರನ್ನು ಕ್ಷಮಿಸಬಹುದು, ಆಡಳಿತದವರು. ಆದರೆ ವಿಲ್ಫ್! ಸ್ಕಾರ್ಫಿನ ಮೇಲೆ ಕೈಯಿಟ್ಟ ವಿಲ್ಫ್!

ಅವತ್ತು ಪಬ್ಬಿನಲ್ಲಿ ಯಾರೂ ಹಾಡಲಿಲ್ಲ. ಬೆರಿಲ್ ಆ ಹಲ್ಲಿನ ಲೋಟವನ್ನು ಇಳಿಸಿ, ಒರೆಸಿ, ವಿಲ್ಫ್ ಕೂರುವ ಮೇಜಿನ ಮೇಲೆ ಇಟ್ಟಳು. ವಿಲ್ಫ್ ಬಂದ, ಹಲ್ಲು ನೋಡಿದ, ನಮ್ಮನ್ನು ನೋಡಿದ. ನಲವತ್ತು ಬೆನ್ನುಗಳು ಅವನತ್ತ ತಿರುಗಿದವು. ಅವನು ಮನೆಗೆ ಹೋದ. ನನಗೆ ಹೇಗೆನಿಸಿತು ಎಂದರೆ, ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ನಿಂತು, ಅವನ ಫ್ಲಾಸ್ಕಿನ ಸೂಪು ಕುಡಿದ ನನ್ನ ಬಾಯಿಯನ್ನು ತೊಳೆದುಕೊಳ್ಳಬೇಕೆನಿಸಿತು. ತೊಳೆದುಕೊಂಡೆ, ಬಿಯರಿನಲ್ಲಿ.

ಎರಡು ವಾರದಲ್ಲಿ ಸಿಡಿಲು ಬಡಿಯಿತು. ಪತ್ರಿಕೆಯಲ್ಲಿ ಡಂಕನ್‌ನ ಫೋಟೋ. ಕೊರಳಲ್ಲಿ ಹಸಿರು ಸ್ಕಾರ್ಫು. ಕೆಲ್ಡನ್ನಿನ ಹೊಸ ಮ್ಯಾನೇಜರ್!

"ಮನಸ್ಸು ಒಡೆದು ಹೋದ ಕಣ್ರೋ," ಎಂದು ಟ್ರೆವರ್ ಬಿಕ್ಕಿದ. "ನಾವು ಬೇಡ ಅಂದ್ವಿ ಅಂತ ತಿಳ್ಕೊಂಡು ಹೋದ. ಆ ಎಡಗಾಲಿನ ಚಪ್ಪಲಿ ಕಳಿಸ್ದ ಅವನನ್ನ ಅಲ್ಲಿಗೆ!"

"ಫೋಟೋದಲ್ಲಿ ನಗ್ತಾ ಇದಾನಲ್ಲ?" ಅಂದ ಇಯಾನ್.

"ದುಃಖ ಮುಚ್ಕೊಳ್ಳೋ ನಗು ಅದು. ನಿಂಗೇನ್ ಗೊತ್ತು, ಕಂಪ್ಯೂಟರ್ ನನ್ಮಗನೇ."

ಇದರ ನಡುವೆ ಲೆನ್ ಬ್ರಾಕ್ ಎಂಬ ಆ ರಾಕ್ಷಸ ಐದು ಪಂದ್ಯಗಳಲ್ಲಿ ನಾಲ್ಕನ್ನು ಗೆಲ್ಲಿಸಿಬಿಟ್ಟ. ಎಂಥ ಹಿಂಸೆ! ಗೋಲು ಬಿದ್ದಾಗ ಮೈಮರೆತು ಕುಣಿಯುತ್ತಿದ್ದೆವು, ಕುಣಿದದ್ದಕ್ಕೆ ನಾಚುತ್ತಿದ್ದೆವು. ಆ ಎಲ್ಲ ಪಂದ್ಯಗಳಿಗೂ ವಿಲ್ಫ್ ಬಂದ. ಸ್ಮಶಾನ ತುದಿಯಲ್ಲಿ ಗೋಲಿನ ಎಡಗಂಬದ ಹಿಂದೆ, ಕಬ್ಬಿಣದ ಕಂಬಿ ಒಂದೆಡೆ ತಗ್ಗಾಗಿದೆ. ಮೂವತ್ತೆಂಟು ವರ್ಷ ವಿಲ್ಫ್ ಮೊಣಕೈ ಊರಿದ ಜಾಗ. ಮೊದಲ ಪಂದ್ಯದಲ್ಲೇ ಆ ಜಾಗವನ್ನು ಅವನಿಂದ ಕಿತ್ತುಕೊಳ್ಳಬೇಕೆಂದು ತೀರ್ಮಾನವಾಯಿತು. ಯಾರು ನಿಲ್ಲುವುದು? ಎಲ್ಲರೂ ನೆಲ ನೋಡಿದರು. ಸೀಟಿಗೆ ಮೊದಲೇ ಪೈ ಕೊಂಡು ಹೋಗಿ ನಾನು ನಿಂತೆ. ವಿಲ್ಫ್ ತನ್ನ ದಾರಿಯಿಂದ ಸುತ್ತಿ ಬಂದು, ನನ್ನನ್ನು ಅಲ್ಲಿ ಕಂಡು, ಮೂಲೆಯ ಬಾವುಟದ ಹತ್ತಿರ ಹೋಗಿ ಒಬ್ಬನೇ ನಿಂತ. ಅಲ್ಲಿ ನಿಂತರೆ ಗೋಲು ಕಾಣುವುದಿಲ್ಲ, ಗಾಳಿ ಮಾತ್ರ ಬಡಿಯುತ್ತದೆ. ಆ ತಗ್ಗು ನನ್ನ ಮೊಣಕೈಗೆ ಸರಿಹೊಂದಲೇ ಇಲ್ಲ. ಆದರೂ ಐದು ವಾರ ಊರಿ ನಿಂತೆ.

ಡಿಸೆಂಬರಿನಲ್ಲಿ ಕೆಲ್ಡನ್ ನಮ್ಮ ಮೈದಾನಕ್ಕೆ ಬಂತು, ಡಂಕನ್ ಅವರ ಬೆಂಚಿನಲ್ಲಿ. ಮೊದಲರ್ಧ ಸೊನ್ನೆ-ಸೊನ್ನೆ. ಮಧ್ಯಂತರದ ಸೀಟಿ ಊದಿದಾಗ ವಿಲ್ಫ್‌ನನ್ನು ಇವತ್ತು ಕೇಳಿಯೇ ಬಿಡಬೇಕೆಂದುಕೊಂಡೆ. ಎಲ್ಲರೂ ಬಲಕ್ಕೆ ಹೊರಟರು. ನಾನು ಜೀವಮಾನದಲ್ಲಿ ಮೊದಲ ಸಲ ಪೈ ಬಿಟ್ಟು ಎಡಕ್ಕೆ ಹೊರಟೆ.

"ವಿಲ್ಫ್! ನಿಲ್ಲೋ!"

ಅವನು ತಿರುಗಿ ನೋಡಿದ. "ಪರ್ಸಿ. ನಡಿ, ನಡೀತಾ ಮಾತಾಡೋಣ. ಹೊತ್ತಿಲ್ಲ."

ಆ ಬೋಳು ಪಟ್ಟಿಯ ಮೇಲೆ ಅವನ ಹಿಂದೆ ಹೆಜ್ಜೆ ಹಾಕಿದೆ. ಆಟಗಾರರ ಬಾಗಿಲ ಮುಂದೆ ಬಂದಾಗ ಸಾಕ್ಷಾತ್ ಡಂಕನ್ ಅಲ್ಲಿ ನಿಂತು ಬಾಳೆಹಣ್ಣು ಸುಲಿಯುತ್ತಿದ್ದ.

"ಡಂಕನ್! ನಾವಲ್ಲ ಡಂಕನ್! ನಿನ್ನ ಕೈಬಿಟ್ಟಿದ್ದು ಇವ್ನು, ಇವ್ನೊಬ್ನೇ! ನಾವೆಲ್ಲ ನಿನಗೇ ಓಟು ಅಂದಿದ್ವಿ!"

"ಯಾವ ಓಟು?" ಅಂದ ಡಂಕನ್. ನನ್ನ ಕೈಯಲ್ಲಿದ್ದ ಪಂದ್ಯದ ಪುಸ್ತಿಕೆಯನ್ನು ತಾನೇ ಇಸಿದುಕೊಂಡು ಪೆನ್ನು ತೆಗೆದ. "ಯಾರ ಹೆಸರಿಗೆ ಬರೀಲಿ?"

ಹನ್ನೊಂದು ವರ್ಷ ಪ್ರತಿ ಶನಿವಾರ ಅವನಿಂದ ಹತ್ತು ಅಡಿ ದೂರದಲ್ಲಿ ನಿಂತು ಗಂಟಲು ಹರಿದುಕೊಂಡವನು ನಾನು. ಬಾಯಿಗೆ ಬಂದದ್ದು ಒಂದೇ ಹೆಸರು. "ಡಂಕನ್‌ಗೆ," ಅಂದೆ. ಅವನು ಹುಬ್ಬೇರಿಸಿ, ಬರೆದುಕೊಟ್ಟು, ಹಣ್ಣು ಕಚ್ಚುತ್ತ ಒಳಹೋದ. ಹೀಗೆ ನನ್ನ ನಾಯಿಗೊಂದು ಹಸ್ತಾಕ್ಷರ ಸಿಕ್ಕಿತು.

ತಿರುಗಿ ನೋಡಿದರೆ ವಿಲ್ಫ್ ಇಲ್ಲ. ಮೂಲೆಯಲ್ಲಿ ಒಂದು ಹಸಿರು ಬಾಗಿಲು. ಬಾಗಿಲ ಮೇಲೆ 'ಗಂಡಸರು' ಎಂಬ ಹಲಗೆ. ಮುಂದೆ ಒಂದು ನರಪಿಳ್ಳೆಯಿಲ್ಲ. ಚಹಾದಂಗಡಿಯ ಪಕ್ಕದ ಶೌಚಾಲಯದಲ್ಲಿ ಈ ಹೊತ್ತಿಗೆ ಎಪ್ಪತ್ತು ಜನರ ಸಾಲಿರುತ್ತದೆ. ವಿಲ್ಫ್ ಪ್ಯಾಂಟಿನ ಗುಂಡಿ ಹಾಕುತ್ತ ಹೊರಬಂದ.

"ಇದಕ್ಕಾ?" ಅಂದೆ. "ಮೂವತ್ತೆಂಟು ವರ್ಷ... ಮ್ಯಾನೇಜರ್ ಮುಖ ಓದೋಕಲ್ವಾ?"

"ಕ್ಯೂ ಇರಲ್ಲ ಇಲ್ಲಿ," ಅಂದ ವಿಲ್ಫ್. "ನಡಿ ನಡಿ."

ಸ್ಮಶಾನ ತುದಿಗೆ ನಾವೇ ಮೊದಲು ತಲುಪಿದೆವು. ನಾನು ಓಡಿ ಆ ತಗ್ಗಿನಲ್ಲಿ ಮೊಣಕೈ ಊರಿ ನಿಂತೆ. ಅಷ್ಟರಲ್ಲಿ ಉಳಿದವರೂ ಪೈ ಹಿಡಿದು ಬಂದರು. ಟ್ರೆವರ್, ಇಯಾನ್, ಬೆರಿಲ್, ಎಲ್ಲರೂ ಸುತ್ತ ನಿಂತರು. ವಿಲ್ಫ್ ಈ ಸಲ ಮೂಲೆಗೆ ಹೋಗಲಿಲ್ಲ. ನನ್ನ ಮುಂದೆಯೇ ನಿಂತ. ಮಾತು ಈಗ ಆಗಲೇಬೇಕಿತ್ತು.

"ಹೇಳೋ," ಅಂದೆ. "ರಕ್ತದ ಸ್ಕಾರ್ಫ್ ಮೇಲೆ ಕೈಯಿಟ್ಟಿದ್ದೆ. ನಾವು ನಿನ್ನ ನಂಬಿದ್ವಿ. ಡಂಕನ್‌ಗೆ ಯಾಕೆ ಓಟು ಹಾಕ್ಲಿಲ್ಲ?"

ನಾಲ್ಕುನೂರು ಜನ ಪೈ ಅಗಿಯುವುದನ್ನು ನಿಲ್ಲಿಸಿದರು.

"ಅವ್ನು ಅರ್ಜೀನೇ ಹಾಕಿರ್ಲಿಲ್ಲ ಕಣೋ," ಅಂದ ವಿಲ್ಫ್. "ಇದ್ದಿದ್ದು ಬ್ರಾಕ್, ಆ ಲ್ಯಾಪ್‌ಟಾಪಿನವ್ನು, ಆಮೇಲೆ ನಮ್ಮ ಇಯಾನ್. ಎರಡ್ ಸಲ ಹೇಳೋಕ್ ಬಂದೆ, ನೀವು ಹಾಡ್ತಿದ್ರಿ. ಆಮೇಲೆ ಯಾರೂ ನನ್ನ ಮಾತಾಡ್ಸೇ ಇಲ್ಲ. ಈಗ ಅತ್ಲಾಗ್ ಸರಿ, ಅದು ನನ್ನ ಜಾಗ."